ಹದಿನೈದು ಸಾವಿರ ಮತದಾರರು, ಎರಡೂವರೆ ಲಕ್ಷ ಮತಗಳು: ಸುಳ್ಳು ಎಣಿಕೆಯ ಕೈಬರಹ

ನಿವೃತ್ತ ಮೇಷ್ಟ್ರು:
ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಆ ಅವಧಿಯಲ್ಲಿ ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗೆ ಹದಿನಾಲ್ಕು ಸಲ ಚುನಾವಣಾ ಕರ್ತವ್ಯಕ್ಕೆ ಹೋಗಿದ್ದೇನೆ. ಒಮ್ಮೆ ರಿಜಿಸ್ಟರಿನಲ್ಲಿ 613 ಸಹಿಗಳಿದ್ದವು, ಯಂತ್ರದಲ್ಲಿ 612 ಮತಗಳಿದ್ದವು. ಆ ಒಂದು ಮತ ಎಲ್ಲಿ ಹೋಯಿತೆಂದು ಮತಗಟ್ಟೆಯ ಸಿಬ್ಬಂದಿಯೆಲ್ಲ ಶಾಲೆಯ ಬೆಂಚಿನ ಮೇಲೆ ಕುಳಿತು ರಾತ್ರಿಯವರೆಗೆ ಹುಡುಕಿದ್ದೆವು. ಒಂದು ಮತಕ್ಕೆ ಇಷ್ಟು ಹೆದರಿದವನಿಗೆ ಮೊನ್ನೆ ಲೈಬೀರಿಯಾ ದೇಶದ 1927ರ ಅಧ್ಯಕ್ಷೀಯ ಚುನಾವಣೆಯ ಲೆಕ್ಕ ಕಣ್ಣಿಗೆ ಬಿದ್ದಿತು.

ಅಧಿಕಾರದಲ್ಲಿದ್ದ ಚಾರ್ಲ್ಸ್ ಕಿಂಗ್ ಅವರಿಗೆ ಸುಮಾರು 2,43,000 ಮತಗಳು. ಎದುರಾಳಿ ಥಾಮಸ್ ಫಾಕ್ನರ್ ಅವರಿಗೆ 9,000. ಮತದಾರರ ಪಟ್ಟಿಯಲ್ಲಿ ಇದ್ದವರು 15,000ಕ್ಕೂ ಕಡಿಮೆ! ಅಮೆರಿಕದಿಂದ ಬಂದು ನೆಲೆಸಿದವರ ವಂಶಸ್ಥರೇ ಅಲ್ಲಿ ಆಳುವವರು. ಒಳನಾಡಿನ ಬುಡಕಟ್ಟು ಜನರಿಗೆ ಹೆಚ್ಚುಕಡಿಮೆ ಮತವೇ ಇರಲಿಲ್ಲ. ಹಾಗಾಗಿ ಪಟ್ಟಿ ಚಿಕ್ಕದು. ಪಟ್ಟಿಯಲ್ಲಿದ್ದ ಪ್ರತಿಯೊಬ್ಬರೂ ಕಿಂಗ್ ಅವರಿಗೇ ಹದಿನಾರು ಸಲ ಮತ ಹಾಕಿದರೂ ಈ ಲೆಕ್ಕಕ್ಕೆ ಇನ್ನೂ ಸ್ವಲ್ಪ ಕೊರತೆ ಬೀಳುತ್ತದೆ. ಗಿನ್ನೆಸ್ ದಾಖಲೆಯಲ್ಲೂ ಇದು ಸೇರಿತು.

ನನ್ನ ಪ್ರಶ್ನೆ ಇಷ್ಟೇ. ಮೋಸ ಮಾಡಲು ಹೊರಟವನು 8,000ಕ್ಕೆ 5,000 ಎಂದು ಬರೆದಿದ್ದರೆ ಇಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇಂಥ ಅಂಕಿಯನ್ನು ಬರೆಯುವ ಕೈ ಯಾರದು? ಅದನ್ನು ಬರೆಯುವಾಗ ಅವನ ತಲೆಯಲ್ಲಿ ಏನು ಓಡುತ್ತಿತ್ತು?

ಅಂಕಿಜೀವಿ:
ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ದಕ್ಷಿಣ ವಿಯೆಟ್ನಾಮಿನಲ್ಲಿದೆ. 1955ರ ಅಕ್ಟೋಬರ್ 23ರಂದು ಅಲ್ಲಿ ಜನಮತ ಗಣನೆ ನಡೆಯಿತು. ಮಾಜಿ ಚಕ್ರವರ್ತಿ ಬಾವೊ ದಾಯ್ ದೇಶದ ಮುಖ್ಯಸ್ಥರಾಗಿ ಇರಬೇಕೋ, ಪ್ರಧಾನಿ ಎನ್‌ಗೊ ದಿನ್ ದಿಯೆಮ್ ಬರಬೇಕೋ ಎಂಬುದು ವಿಷಯ. ದಿಯೆಮ್ ಅವರ ಚೀಟಿಗೆ ಶುಭದ ಕೆಂಪು ಬಣ್ಣ, ಬಾವೊ ದಾಯ್ ಅವರ ಚೀಟಿಗೆ ಹಸಿರು. ಫಲಿತಾಂಶ: ದಿಯೆಮ್ ಅವರಿಗೆ ಶೇ 98.2. ಸೈಗಾನ್ ನಗರದಲ್ಲಿ ಪಟ್ಟಿಯಲ್ಲಿದ್ದವರು ಸುಮಾರು 4,50,000, ದಿಯೆಮ್ ಅವರಿಗೆ ಬಿದ್ದ ಮತಗಳು 6,05,025.

ಅಮೆರಿಕದ ಸಲಹೆಗಾರರು ಮೊದಲೇ ಹೇಳಿದ್ದರು: ಶೇ 60ರಷ್ಟು ಬಂದರೆ ಸಾಕು, ನಂಬುವ ಹಾಗಿರುತ್ತದೆ ಎಂದು. ಅವರಿಗೆ ಬೇಕಾದದ್ದು ವಾಷಿಂಗ್ಟನ್ ಪತ್ರಿಕೆಗಳು ನಂಬುವ ಅಂಕಿ. ದಿಯೆಮ್ ಅವರ ಮನೆಯವರಿಗೆ ಬೇಕಾದದ್ದು ಸೈಗಾನಿನ ಸೇನಾಧಿಕಾರಿಗಳಿಗೂ ಪಂಥಗಳ ಮುಖಂಡರಿಗೂ ‘ಇನ್ನು ಬಾಲ ಬಿಚ್ಚಬೇಡಿ’ ಎಂದು ಹೇಳುವ ಅಂಕಿ. ಎರಡನೆಯದಕ್ಕೆ 60 ಸಾಲದು. ಯಾರೂ ನಂಬದ ಅಂಕಿಯನ್ನು ಎಲ್ಲರ ಬಾಯಲ್ಲೂ ಹೇಳಿಸಬಲ್ಲೆ ಎಂಬುದೇ ಅಲ್ಲಿಯ ಬಲಪ್ರದರ್ಶನ.

ಸಂಶಯಾತ್ಮ:
ನಿಧಾನ, ನಿಧಾನ. ದೊಡ್ಡ ಅಂಕಿ ಕಂಡೊಡನೆ ಮೋಸ ಎನ್ನುವುದು ನಮ್ಮ ಜನರಿಗೆ ಅಭ್ಯಾಸವಾಗಿದೆ. 2013ರ ಮಾರ್ಚಿನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಬ್ರಿಟನ್ನಿನ ಜೊತೆಗೇ ಉಳಿಯಬೇಕೇ ಎಂದು ಕೇಳಿದಾಗ 1,513 ಜನ ಹೌದು ಎಂದರು, ಮೂವರು ಬೇಡ ಎಂದರು. ಶೇ 99.8. ವಿದೇಶಿ ವೀಕ್ಷಕರು ಇದ್ದರು, ಯಾವ ಅಕ್ರಮವೂ ಇರಲಿಲ್ಲ. ಅರ್ಜೆಂಟೀನಾ ಜೊತೆ ಯುದ್ಧ ಕಂಡ ಸಣ್ಣ ಊರು ಅದು, ಬೇರೇನು ಹೇಳುತ್ತದೆ?

ನಂಬಲಾಗದ ಫಲಿತಾಂಶ ನಮ್ಮಲ್ಲೇ ಬಂದಿದೆ. 2004ರ ವಿಧಾನಸಭಾ ಚುನಾವಣೆ, ಸಂತೇಮರಹಳ್ಳಿ ಕ್ಷೇತ್ರ. ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಯಾರಾದರೂ ಕಥೆಯಲ್ಲಿ ಹೀಗೆ ಬರೆದಿದ್ದರೆ ಸಂಪಾದಕರು ‘ಸ್ವಲ್ಪ ಅತಿಯಾಯಿತು’ ಎನ್ನುತ್ತಿದ್ದರು.

ಗೀರ್ ಕಾಡಿನ ಅಭಿಮಾನಿ:
ಗುಜರಾತಿನ ಗೀರ್ ಕಾಡಿನೊಳಗೆ ಬಾಣೇಜ್ ಎಂಬಲ್ಲಿ ಒಬ್ಬರೇ ಮತದಾರರಿಗಾಗಿ ಮತಗಟ್ಟೆ ತೆರೆಯುತ್ತಿದ್ದರು. ಅವರು ಬಂದು ಮತ ಹಾಕಿದರೆ ಶೇ 100 ಮತದಾನ. ಸಂಶಯಾತ್ಮರ ಪಟ್ಟಿಗೆ ಇದನ್ನೂ ಸೇರಿಸಿ.

ನಿವೃತ್ತ ಮೇಷ್ಟ್ರು:
ಸಂಶಯಾತ್ಮರೇ, ಒಪ್ಪಿದೆ. ಅಪರೂಪದ ಅಂಕಿ ಬೇರೆ, ಆಗದ ಅಂಕಿ ಬೇರೆ. ಒಂದೇ ಮತದ ಗೆಲುವು ಅಪರೂಪ, ಅಷ್ಟೇ. ಅದರ ಹಿಂದೆ ಮತಗಟ್ಟೆವಾರು ಲೆಕ್ಕವಿದೆ, ಏಜೆಂಟರ ಸಹಿ ಇದೆ, ಸೋತವರು ಕೇಳಿದರೆ ಮರು ಎಣಿಕೆಯಿದೆ.

ಆದರೆ ಗೆಲುವಿನ ಅಂತರ ಪೂರ್ತಿ ನಂಬುವ ಹಾಗಿದ್ದೂ ಕೈಬರಹ ಸಿಕ್ಕಿಹಾಕಿಸಿದ ಪ್ರಕರಣ ಒಂದಿದೆ. ಅಮೆರಿಕದ ಟೆಕ್ಸಾಸ್, 1948. ಸೆನೆಟ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದೊಳಗಿನ ಅಂತಿಮ ಸುತ್ತು. ಮುಂದೆ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಒಂದು ಕಡೆ, ಮಾಜಿ ಗವರ್ನರ್ ಕೋಕ್ ಸ್ಟೀವನ್‌ಸನ್ ಇನ್ನೊಂದು ಕಡೆ. ಸುಮಾರು ಹತ್ತು ಲಕ್ಷ ಮತಗಳು ಬಿದ್ದಿದ್ದವು, ಸ್ಟೀವನ್‌ಸನ್ ಕೂದಲೆಳೆಯಷ್ಟು ಮುಂದಿದ್ದರು. ಮತದಾನ ಮುಗಿದು ಆರು ದಿನವಾದ ಮೇಲೆ ಆಲಿಸ್ ಎಂಬ ಊರಿನ 13ನೆಯ ಪೆಟ್ಟಿಗೆಯಿಂದ ತಿದ್ದಿದ ಲೆಕ್ಕ ಬಂದಿತು: ಜಾನ್ಸನ್ ಅವರಿಗೆ ಇನ್ನೂ 200 ಮತಗಳು. ಅವರ ಮೊದಲ ಲೆಕ್ಕದ 765ರ ಏಳಕ್ಕೆ ಒಂದು ಸುತ್ತು ಸೇರಿಸಿದರೆ 965 ಆಗುತ್ತದೆ, ನಮ್ಮ ಹುಡುಗರು ಅಂಕಪಟ್ಟಿಯಲ್ಲಿ ಮಾಡುತ್ತಿದ್ದಂತೆಯೇ. ಕೊನೆಗೆ 87 ಮತಗಳ ಗೆಲುವು.

ಮತ ಹಾಕಿದವರ ಪಟ್ಟಿ ನೋಡಿದವರು ಕಂಡದ್ದು: ಕೊನೆಯ ಇನ್ನೂರು ಚಿಲ್ಲರೆ ಹೆಸರುಗಳು ಒಂದೇ ಶಾಯಿ, ಒಂದೇ ಕೈಬರಹ, ಮತ್ತು ಅಕಾರಾದಿ ಕ್ರಮ! ಮತಗಟ್ಟೆಯ ಸಾಲಿನಲ್ಲಿ ಜನ ಅಕಾರಾದಿಯಾಗಿ ನಿಲ್ಲುವುದನ್ನು ಹದಿನಾಲ್ಕು ಚುನಾವಣೆಯಲ್ಲಿ ನಾನು ಕಂಡಿಲ್ಲ. ಗೌಡರು ಬಂದ ಮೇಲೆ ಗೌಡರ ಹಿಂದೆ ಹತ್ತು ಜನ ಬರುತ್ತಾರೆ, ಬಸ್ಸು ಬಂದರೆ ಒಮ್ಮೆಲೇ ನಲವತ್ತು ಜನ ಬರುತ್ತಾರೆ, ಮಧ್ಯಾಹ್ನ ಎರಡಕ್ಕೆ ನಾಯಿಯೂ ಬರುವುದಿಲ್ಲ. ಆ ಪಟ್ಟಿ ಬರೆದವನು ಸಾಲನ್ನು ನೋಡಿಯೇ ಇರಲಿಲ್ಲ. ಮತದಾರರ ಪಟ್ಟಿಯನ್ನು ಮುಂದಿಟ್ಟುಕೊಂಡು ನಕಲು ಮಾಡಿದ್ದ. ನನಗೆ ಅತ್ಯಂತ ಇಷ್ಟವಾದ ವಿವರ ಇದು: ಜಾನ್ಸನ್ ಅವರಿಗೆ 200 ಸೇರಿಸಿದವನು ಸ್ಟೀವನ್‌ಸನ್ ಅವರಿಗೂ ಎರಡು ಸೇರಿಸಿದ್ದ. ನಂಬಿಕೆ ಬರಲಿ ಎಂದು! 1977ರಲ್ಲಿ ಆ ಮತಗಟ್ಟೆಯ ಅಧಿಕಾರಿಯೇ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಜಾನ್ಸನ್ ಅಧ್ಯಕ್ಷರಾಗಿ, ನಿವೃತ್ತರಾಗಿ, ತೀರಿಕೊಂಡೂ ಆಗಿತ್ತು.

ಡ್ರೆಸ್ಡೆನ್‌ನಿಂದ ಕನ್ನಡತಿ:
ನಾನು ಇರುವ ಊರಿಗೂ ಈ ಮಾತಿಗೂ ನೇರ ಸಂಬಂಧವಿದೆ, ಹಾಗಾಗಿ ಸುಮ್ಮನಿರಲು ಆಗಲಿಲ್ಲ. ಪೂರ್ವ ಜರ್ಮನಿಯಲ್ಲಿ ಮತದಾನಕ್ಕೆ ಹೋಗುವುದನ್ನು ಜನ ‘ಮಡಚಲು ಹೋಗುವುದು’ ಎನ್ನುತ್ತಿದ್ದರಂತೆ. ಚೀಟಿಯಲ್ಲಿ ಒಂದೇ ಪಟ್ಟಿ. ಅದನ್ನು ಎಲ್ಲರೆದುರು ಮಡಚಿ ಪೆಟ್ಟಿಗೆಗೆ ಹಾಕಿದರೆ ಹೌದು ಎಂದಂತೆ. ಬೇಡ ಎನ್ನಬೇಕಾದರೆ ಮರೆಗೆ ಹೋಗಿ ಪ್ರತಿ ಹೆಸರಿನ ಮೇಲೂ ಗೀಟು ಎಳೆಯಬೇಕು. ಮರೆಗೆ ಹೋದವರನ್ನು ಯಾರೋ ಗುರುತು ಹಾಕಿಕೊಳ್ಳುತ್ತಿದ್ದರು.

1989ರ ಮೇ 7ರಂದು ಸ್ಥಳೀಯ ಚುನಾವಣೆ ನಡೆಯಿತು. ಎಣಿಕೆ ಸಾರ್ವಜನಿಕರ ಎದುರು ನಡೆಯಬೇಕು ಎಂದು ಅವರದೇ ಕಾನೂನು ಹೇಳುತ್ತಿತ್ತು, ಆದರೆ ನೋಡಲು ಯಾರೂ ಹೋಗುತ್ತಿರಲಿಲ್ಲ. ಆ ಸಂಜೆ ಚರ್ಚುಗಳ ಸುತ್ತ ಸೇರಿದ್ದ ಯುವಕರ ಗುಂಪುಗಳು ಮತಗಟ್ಟೆಗಳಿಗೆ ಹೋಗಿ ನಿಂತು, ಪ್ರಕಟಿಸಿದ ‘ಬೇಡ’ ಮತಗಳನ್ನು ಚೀಟಿಯಲ್ಲಿ ಬರೆದುಕೊಂಡವು. ರಾತ್ರಿ ಚುನಾವಣಾ ಆಯೋಗದ ಮುಖ್ಯಸ್ಥ ಎಗಾನ್ ಕ್ರೆನ್ಸ್ ದೂರದರ್ಶನದಲ್ಲಿ ಬಂದು ಶೇ 98.85 ಎಂದರು. ಬರ್ಲಿನ್ನಿನ ವೈಸೆನ್‌ಸೀ ಪ್ರದೇಶದಲ್ಲಿ ಯುವಕರು ಕೂಡಿಸಿದ ‘ಬೇಡ’ಗಳು ಸರ್ಕಾರ ಹೇಳಿದ್ದಕ್ಕಿಂತ ದುಪ್ಪಟ್ಟಿಗೂ ಹೆಚ್ಚಿದ್ದವು.

ತಮಾಷೆಯೆಂದರೆ, ಯುವಕರ ಲೆಕ್ಕವನ್ನೇ ಹಿಡಿದರೂ ಸರ್ಕಾರಕ್ಕೆ ಶೇ 90ರ ಆಸುಪಾಸು ಸಿಗುತ್ತಿತ್ತು. ಗೆದ್ದ ಚುನಾವಣೆಯಲ್ಲಿ ಕದ್ದರು! ಯಾಕೆಂದರೆ ಹಿಂದಿನ ಸಲಕ್ಕಿಂತ ಕಡಿಮೆ ಬಂದ ಊರಿನ ಪಕ್ಷದ ಕಾರ್ಯದರ್ಶಿ ಮೇಲಿನವರಿಗೆ ಉತ್ತರ ಹೇಳಬೇಕಿತ್ತು. ಅದಾದ ಮೇಲೆ ಪ್ರತಿ ತಿಂಗಳು 7ರಂದು ಬರ್ಲಿನ್ನಿನ ಅಲೆಕ್ಸಾಂಡರ್ ಚೌಕದಲ್ಲಿ ಪ್ರತಿಭಟನೆ ನಡೆಯತೊಡಗಿತು. ನವೆಂಬರಿನಲ್ಲಿ ಗೋಡೆಯೇ ಬಿದ್ದಿತು. ಡ್ರೆಸ್ಡೆನ್‌ನ ಮೇಯರ್ ಆಗಿದ್ದ ವುಲ್ಫ್‌ಗಾಂಗ್ ಬೆರ್ಗ್‌ಹೋಫರ್ 1992ರಲ್ಲಿ, ಇಲ್ಲಿಯ ಪಕ್ಷದ ಮುಖ್ಯಸ್ಥ ಹಾನ್ಸ್ ಮೋಡ್ರೊ 1993ರಲ್ಲಿ ಈ ಮತ ತಿದ್ದಿದ ಅಪರಾಧಕ್ಕೇ ನ್ಯಾಯಾಲಯದಲ್ಲಿ ತಪ್ಪಿತಸ್ಥರಾದರು.

ನನ್ನ ಮನೆಯ ಕೆಳಗಿನ ಅಜ್ಜಿಯನ್ನು ಕೇಳಿದೆ, ‘ಆಗ ನೀವು ಏನು ಮಾಡಿದಿರಿ?’ ಎಂದು. ‘ಮಡಚಿದೆ’ ಎಂದರು. ಮಾತು ಅಲ್ಲಿಗೇ ನಿಂತಿತು.

ಅಂಕಿಜೀವಿ:
ಕನ್ನಡತಿಯವರ ಬರಹ ಓದಿ ಮನಸ್ಸು ಭಾರವಾಯಿತು. ಆ ಕಾರ್ಯದರ್ಶಿಯ ಹೆದರಿಕೆಯನ್ನು ಅಂಕಿಗಳಲ್ಲೇ ಕಾಣಬಹುದು, ರಷ್ಯಾದಲ್ಲಿ.

ಸೆರ್ಗೆಯ್ ಶ್ಪಿಲ್ಕಿನ್ ಎಂಬ ಭೌತವಿಜ್ಞಾನಿ ಆ ದೇಶದ ಹತ್ತಿರ ಹತ್ತಿರ ಒಂದು ಲಕ್ಷ ಮತಗಟ್ಟೆಗಳ ಅಧಿಕೃತ ಲೆಕ್ಕವನ್ನೇ ತೆಗೆದುಕೊಂಡರು. ಎಷ್ಟು ಮತಗಟ್ಟೆಗಳಲ್ಲಿ ಮತದಾನವೋ ಆಳುವ ಪಕ್ಷದ ಪಾಲೋ ಶೇ 61, ಎಷ್ಟರಲ್ಲಿ 62 ಎಂದು ನಕ್ಷೆ ಎಳೆದರೆ ಅದು ಗುಡ್ಡದ ಹಾಗೆ ನುಣುಪಾಗಿ ಏರಿ ಇಳಿಯಬೇಕು. 2011ರ ಸಂಸತ್ ಚುನಾವಣೆಯ ನಕ್ಷೆ ಹಾಗಿರಲಿಲ್ಲ. 70, 75, 80, 85, 90 ಎಂಬ ಕಡೆಗಳಲ್ಲೆಲ್ಲ ಗರಗಸದ ಹಲ್ಲಿನಂತೆ ಮೊನೆಗಳು. ಜನರ ಮನಸ್ಸಿಗೆ ಐದರ ಮಗ್ಗಿ ಬರುವುದಿಲ್ಲ. ಮಗ್ಗಿ ಬರುವುದು ಗುರಿ ನಿಗದಿ ಮಾಡುವ ಕಚೇರಿಗೆ. ‘ನಿಮ್ಮಲ್ಲಿ 75 ಬರಬೇಕು’ ಎಂದು ಮೇಲಿನಿಂದ ಮಾತು ಬಂದಿದೆ. 755 ಮತದಾರರಿರುವ ಕಡೆ ಅಧಿಕಾರಿ ಕ್ಯಾಲ್ಕುಲೇಟರ್ ಒತ್ತಿ 566 ಎಂದು ಬರೆದಿದ್ದಾನೆ. 2016ರಲ್ಲಿ ಸರಾಟೊವ್ ನಗರದ ನೂರಕ್ಕೂ ಹೆಚ್ಚು ಮತಗಟ್ಟೆಗಳಲ್ಲಿ ಆಳುವ ಪಕ್ಷಕ್ಕೆ ಒಂದೇ ಅಂಕಿ ಬಂದಿತು: ಶೇ 62.2. 2011ರ ಚಳಿಗಾಲದಲ್ಲಿ ಮಾಸ್ಕೊ ಬೀದಿಯ ಪ್ರತಿಭಟನೆಗಳಿಗೆ ಜನ ಆ ನುಣುಪು ಗುಡ್ಡದಂಥ ಗಾಸ್ ವಕ್ರರೇಖೆಯ ಫಲಕ ಹಿಡಿದು ಬಂದಿದ್ದರು, ‘ನಾವು ಸಹಜ ವಿತರಣೆಯ ಪರ’ ಎಂದು ಬರೆದು. ಸಂಖ್ಯಾಶಾಸ್ತ್ರ ಕಲಿಸುವವನಿಗೆ ಅದಕ್ಕಿಂತ ಸಂತೋಷದ ಮೆರವಣಿಗೆ ಇನ್ನೊಂದಿಲ್ಲ.

ಸಂಶಯಾತ್ಮ:
ಹತ್ತು ಜನ ಮತ ಹಾಕಿದ ಮತಗಟ್ಟೆಯಲ್ಲಿ 50, 60, 70 ಬಿಟ್ಟು ಬೇರೆ ಬರಲು ಸಾಧ್ಯವೇ ಇಲ್ಲ. ಸಣ್ಣ ಮತಗಟ್ಟೆಗಳಿಂದಲೇ ಆ ಮೊನೆಗಳು ಬಂದಿರಬಾರದೇಕೆ?

ಅಂಕಿಜೀವಿ:
ಒಳ್ಳೆಯ ಪೆಟ್ಟು. ಶ್ಪಿಲ್ಕಿನ್ ಮತ್ತು ಜೊತೆಗಾರರು ಅದನ್ನೂ ನೋಡಿದ್ದಾರೆ. ಅದೇ ಮತಗಟ್ಟೆಗಳು, ಅದೇ ಮತದಾರರ ಸಂಖ್ಯೆ ಇಟ್ಟುಕೊಂಡು, ಮತಗಳನ್ನು ಮಾತ್ರ ಕಂಪ್ಯೂಟರಿನಲ್ಲಿ ಸಾವಿರಾರು ಸಲ ಯಾದೃಚ್ಛಿಕವಾಗಿ ಹಾಕಿಸಿದರು. ಸಣ್ಣ ಮತಗಟ್ಟೆಗಳ ಕಾರಣಕ್ಕೆ ಮೊನೆ ಎಷ್ಟು ಬರಬೇಕೋ ಅಷ್ಟನ್ನು ಕಳೆದ ಮೇಲೂ ಉಳಿದದ್ದು ಬಹಳ. ಗಣಿತದ ಗದ್ದಲ ಯಾವುದು, ಮನುಷ್ಯನ ಕೈವಾಡ ಯಾವುದು ಎಂದು ಬೇರ್ಪಡಿಸದೆ ಮಾತಾಡಬಾರದು ಎಂಬ ನಿಮ್ಮ ಮಾತು ಸರಿ.

ಹಳೆಯ ಶಿರಸ್ತೇದಾರ:
ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಬಹಳ ವರ್ಷ ಇದ್ದವನು ನಾನು. ವಿದ್ವಾಂಸರು ಮೋಸದ ಬಗ್ಗೆ ಬರೆದಿದ್ದೀರಿ. ಮೂರ್ಖತನದ ಪಾಲನ್ನೂ ಸೇರಿಸಿ. ಮತದಾನಕ್ಕೆ ಮುಂಚೆ ಬೆಳಿಗ್ಗೆ ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ ಮಾಡಬೇಕು. ಆಮೇಲೆ ಆ ಮತಗಳನ್ನು ಅಳಿಸುವ ಕ್ಲಿಯರ್ ಗುಂಡಿ ಒತ್ತಬೇಕು. ಗಡಿಬಿಡಿಯಲ್ಲಿ ಯಾರಾದರೂ ಅದನ್ನು ಮರೆತರೆ ಯಂತ್ರದ ಲೆಕ್ಕಕ್ಕೂ ರಿಜಿಸ್ಟರಿನ ಲೆಕ್ಕಕ್ಕೂ ಸರಿಯಾಗಿ 50ರ ವ್ಯತ್ಯಾಸ ಬರುತ್ತದೆ. ವ್ಯತ್ಯಾಸ 50 ಎಂದು ಫೋನು ಬಂದರೆ ನಾವು ಎದ್ದು ನಿಲ್ಲುತ್ತಲೂ ಇರಲಿಲ್ಲ, ಕುಳಿತಲ್ಲೇ ಕಾರಣ ಹೇಳುತ್ತಿದ್ದೆವು. 37 ಎಂದು ಬಂದರೆ ಜೀಪು ಹೊರಡಬೇಕಿತ್ತು.

2021ರಲ್ಲಿ ಅಸ್ಸಾಮಿನ ಹಾಫ್‌ಲಾಂಗ್ ಕ್ಷೇತ್ರದ ಒಂದು ಮತಗಟ್ಟೆಯಲ್ಲಿ ಪಟ್ಟಿಯಲ್ಲಿದ್ದವರು 90, ಬಿದ್ದ ಮತಗಳು ಹೆಚ್ಚುಕಡಿಮೆ ದುಪ್ಪಟ್ಟು. ಊರ ಮುಖಂಡ ತನ್ನದೇ ಪಟ್ಟಿ ತಂದಿದ್ದ, ಸಿಬ್ಬಂದಿ ಅದರ ಪ್ರಕಾರ ಮತ ಹಾಕಿಸಿದರು ಎಂದು ಸುದ್ದಿಯಾಯಿತು. ಸಿಬ್ಬಂದಿ ಅಮಾನತಾದರು. ಲೈಬೀರಿಯಾದಲ್ಲಿ ಅಂಥ ಲೆಕ್ಕ ಬಂದಾಗ ಅಧ್ಯಕ್ಷರು ಪ್ರಮಾಣವಚನ ತೆಗೆದುಕೊಂಡರು. ವ್ಯತ್ಯಾಸ ಅಲ್ಲಿದೆ ಎಂದು ನನಗೆ ತೋರುತ್ತದೆ.

ನಿರ್ವಾಹಕ:
ಈಗಿನ ಪಕ್ಷಗಳ ಬಗ್ಗೆ ಬಂದ ಏಳು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಅದಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಜಗಳವೂ ಚೆನ್ನಾಗಿ ನಡೆಯುತ್ತಿದೆ.

ಚರಿತ್ರೆಯ ಹುಳು:
ಇನ್ನೂ ಹಿಂದಕ್ಕೆ ಹೋಗಿ. 1800ರಲ್ಲಿ ನೆಪೋಲಿಯನ್ ತನ್ನ ಹೊಸ ಸಂವಿಧಾನಕ್ಕೆ ಫ್ರೆಂಚರ ಒಪ್ಪಿಗೆ ಕೇಳಿದ. ತೆರೆದ ಪುಸ್ತಕದಲ್ಲಿ ಹೆಸರು ಬರೆದು ಹೌದು ಅಥವಾ ಬೇಡ ಎನ್ನಬೇಕು. ಅಧಿಕೃತ ಫಲಿತಾಂಶ: ಹೌದು 30,11,007, ಬೇಡ 1,562. ಕೊನೆಯ ಆ ಏಳನ್ನು ನೋಡಿ, ಎಷ್ಟು ಪ್ರಾಮಾಣಿಕವಾಗಿ ಎಣಿಸಿದಂತಿದೆ! ಎಣಿಕೆಯ ಉಸ್ತುವಾರಿ ಗೃಹಮಂತ್ರಿಯದು, ಗೃಹಮಂತ್ರಿ ನೆಪೋಲಿಯನ್ನನ ತಮ್ಮ ಲೂಸಿಯನ್. 1972ರಲ್ಲಿ ಕ್ಲೋದ್ ಲಾಂಗ್ಲ್ವಾ ಎಂಬ ಇತಿಹಾಸಕಾರರು ಮೂಲ ಕಡತಗಳನ್ನು ಕೂಡಿಸಿ ನೋಡಿದಾಗ ನಿಜವಾದ ‘ಹೌದು’ ಸುಮಾರು ಹದಿನೈದು ಲಕ್ಷ. ಸೈನಿಕರನ್ನು ಕೇಳದೆಯೇ ಅವರೆಲ್ಲ ಹೌದು ಎಂದರೆಂದು ಐದು ಲಕ್ಷ ಸೇರಿಸಿದ್ದರು, ಉಳಿದದ್ದನ್ನು ಜಿಲ್ಲೆಗಳಿಗೆ ಹಂಚಿದ್ದರು. ನೂರ ಎಪ್ಪತ್ತು ವರ್ಷ ಎಲ್ಲರೂ ಮೂವತ್ತು ಲಕ್ಷವನ್ನೇ ನಂಬಿದ್ದರು. ಲೂಸಿಯನ್ ‘ಬೇಡ’ ಮತಗಳನ್ನು ಮುಟ್ಟಲಿಲ್ಲ. ಹೆಚ್ಚಿಸಿದ್ದು ಎಷ್ಟು ಜನ ಬಂದರು ಎಂಬುದನ್ನು. ಜನ ವಿರೋಧಿಸಿದ್ದಕ್ಕಿಂತ ಮನೆಯಲ್ಲೇ ಕುಳಿತದ್ದು ಅವನಿಗೆ ಮುಜುಗರವಾಗಿತ್ತು.

ಹೈಟಿಯ ಸರ್ವಾಧಿಕಾರಿ ದುವಾಲಿಯೇಗೆ ಅಷ್ಟು ನಾಜೂಕು ಇರಲಿಲ್ಲ. 1961ರಲ್ಲಿ ಸಂಸತ್ತಿಗೆ ಚುನಾವಣೆ ಎಂದು ಕರೆದು, ಚೀಟಿಗಳ ಮೇಲೆ ತನ್ನ ಹೆಸರು ಅಚ್ಚು ಹಾಕಿಸಿ, ಆಮೇಲೆ ಅಧ್ಯಕ್ಷನಾಗಿ ಮರು ಆಯ್ಕೆಯಾದೆ ಎಂದ: 13,20,748ಕ್ಕೆ ಸೊನ್ನೆ. ಇರಾಕಿನ ಸದ್ದಾಂ 1995ರಲ್ಲಿ ಶೇ 99.96, 2002ರಲ್ಲಿ ಪೂರ್ತಿ 100. 1,14,45,638 ಮತದಾರರು, ಎಲ್ಲರೂ ಹೌದು. ಆ ದಿನ ಒಬ್ಬರಿಗೂ ಜ್ವರ ಬರಲಿಲ್ಲ, ಒಬ್ಬರೂ ಸಾಯಲಿಲ್ಲ. ಆರು ತಿಂಗಳು ಕಳೆಯುವುದರೊಳಗೆ ಬಾಗ್ದಾದ್ ಬಿದ್ದಿತು, ಕಾಪಾಡಲು ಆ ಕೋಟಿ ಜನ ಬೀದಿಗಿಳಿಯಲಿಲ್ಲ.

ಅಂಕಿಜೀವಿ:
ಇನ್ನೊಂದು ಲೆಕ್ಕ ಬರೆಯಬೇಕು, ಕ್ಯಾಲ್ಕುಲೇಟರ್ ಇರುವವರೆಲ್ಲ ತಾವೇ ಮಾಡಿ ನೋಡಬಹುದು. ವೆನಿಜುವೆಲಾ, 2024ರ ಜುಲೈ 28. ಮಧ್ಯರಾತ್ರಿ ದಾಟಿದ ಮೇಲೆ ಶೇ 80ರಷ್ಟು ಎಣಿಕೆಯಾಗಿದೆ ಎಂದು ಚುನಾವಣಾ ಮಂಡಳಿ ಪ್ರಕಟಿಸಿದ ಅಂಕಿಗಳು: ಅಂದಿನ ಅಧ್ಯಕ್ಷ ಮಡುರೊ 51,50,092 (ಶೇ 51.20), ವಿರೋಧ ಪಕ್ಷದ ಗೊನ್ಸಾಲೆಸ್ 44,45,978 (ಶೇ 44.20), ಇತರರು 4,62,704 (ಶೇ 4.60). ಒಟ್ಟು 1,00,58,774.

ಈಗ ಒಟ್ಟನ್ನು 0.512ರಿಂದ ಗುಣಿಸಿ: 51,50,092.288. 0.442ರಿಂದ: 44,45,978.108. 0.046ರಿಂದ: 4,62,703.604. ಹತ್ತಿರದ ಪೂರ್ಣಾಂಕಕ್ಕೆ ತಂದರೆ ಮೂರೂ ಅವರು ಓದಿದ ಅಂಕಿಗಳೇ, ಒಂದು ಮತವೂ ಆಚೀಚೆ ಇಲ್ಲ. ಶೇ 51.1ಕ್ಕೂ 51.2ಕ್ಕೂ ನಡುವೆ ಹತ್ತು ಸಾವಿರ ಮತಗಳ ಜಾಗವಿದೆ. ನಿಜವಾದ ಎಣಿಕೆ ಸರಿಯಾಗಿ ಗೆರೆಯ ಮೇಲೆ ಬೀಳುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು. ಇಬ್ಬರಿಗೂ ಹಾಗೆ ಬೀಳುವುದು ಹತ್ತು ಕೋಟಿಗೆ ಒಂದು.

ನಿವೃತ್ತ ಮೇಷ್ಟ್ರು:
ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ನೋಡಿ, ಕೆಳಗಿನಿಂದ ಮೇಲಕ್ಕೆ ಲೆಕ್ಕ ಬರೆಯುವ ಹುಡುಗ! ಇವನನ್ನು ಮೂವತ್ತೊಂದು ವರ್ಷ ನೋಡಿದ್ದೇನೆ. ಪ್ರಯೋಗಾಲಯದಲ್ಲೂ ಇವನೇ. ಲೋಲಕ ತೂಗದಿದ್ದರೂ ಗುರುತ್ವದ ಬೆಲೆ 9.8 ಬರುವ ಹಾಗೆ ರೀಡಿಂಗ್ ಹೊಂದಿಸುತ್ತಿದ್ದ.

ಸಂಶಯಾತ್ಮ:
ವಕೀಲನ ಮಾತು ಆಡುತ್ತೇನೆ, ಬೇಸರ ಬೇಡ. ಮಂಡಳಿಯ ಯಾರೋ ಸಿಬ್ಬಂದಿಗೆ ಬರೀ ಶೇಕಡಾವಾರು ಮತ್ತು ಒಟ್ಟು ಮತ ಸಿಕ್ಕಿರಬಹುದು. ಪತ್ರಿಕಾಗೋಷ್ಠಿಗೆ ಮತಗಳೂ ಬೇಕೆಂದು ಗುಣಿಸಿ ಕೊಟ್ಟಿರಬಹುದು. ಸೋಮಾರಿತನ, ಮೋಸವಲ್ಲ.

ಅಂಕಿಜೀವಿ:
ಇರಬಹುದು. ಈ ಗುಣಾಕಾರದಿಂದ ಖಚಿತವಾಗುವುದು ಒಂದೇ: ಓದಿದ ಮತಸಂಖ್ಯೆಗಳು ಕೂಡಿಸಿ ಬಂದವಲ್ಲ, ಗುಣಿಸಿ ಬಂದವು. ಸೋಮಾರಿತನ ಎನ್ನುವುದಾದರೆ ಮಾರನೆಯ ದಿನ ಮತಗಟ್ಟೆವಾರು ಲೆಕ್ಕ ಕೊಟ್ಟು ಬಾಯಿ ಮುಚ್ಚಿಸಬಹುದಿತ್ತು. ಕೊಡಲಿಲ್ಲ. ಅಲ್ಲಿಯ ಯಂತ್ರ ಪ್ರತಿ ಮತಗಟ್ಟೆಯಲ್ಲೂ ಲೆಕ್ಕದ ಪಟ್ಟಿಯನ್ನು ಮುದ್ರಿಸುತ್ತದೆ, ಏಜೆಂಟರಿಗೂ ಪ್ರತಿ ಕೊಡುತ್ತದೆ. ವಿರೋಧ ಪಕ್ಷದವರು ಶೇ 80ಕ್ಕೂ ಹೆಚ್ಚು ಮತಗಟ್ಟೆಗಳ ಪ್ರತಿಗಳನ್ನು ಒಟ್ಟುಮಾಡಿ ಅಂತರ್ಜಾಲದಲ್ಲಿ ಹಾಕಿದರು. ಅವುಗಳ ಪ್ರಕಾರ ಗೊನ್ಸಾಲೆಸ್ ಅವರಿಗೆ ಶೇ 67ರಷ್ಟು. ವೀಕ್ಷಕರಾಗಿ ಹೋಗಿದ್ದ ಕಾರ್ಟರ್ ಸೆಂಟರ್ ಇದನ್ನು ಪ್ರಜಾಸತ್ತಾತ್ಮಕ ಚುನಾವಣೆ ಎನ್ನಲಾಗದು ಎಂದಿತು. ಹೊಗೆಯನ್ನು ಕ್ಯಾಲ್ಕುಲೇಟರ್ ತೋರಿಸಿತು, ಬೆಂಕಿಯನ್ನು ತೋರಿಸಿದ್ದು ಆ ಕಾಗದದ ಪಟ್ಟಿಗಳು.

ಸಂಶಯಾತ್ಮ:
ಪಟ್ಟಿಗಳ ಮಾತಿಗೆ ನನ್ನ ತಕರಾರಿಲ್ಲ. ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕ ಬರೆದು ಏಜೆಂಟರಿಗೆ ಕೊಡುವ ನಮ್ಮ 17ಸಿ ನಮೂನೆಯ ದಾಯಾದಿ ಅದು.

ಚರಿತ್ರೆಯ ಹುಳು:
ಲೈಬೀರಿಯಾದ ಕಥೆ ಮೇಷ್ಟ್ರು ಅರ್ಧಕ್ಕೇ ಬಿಟ್ಟರು. ಸೋತ ಫಾಕ್ನರ್ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಆಳುವವರು ಒಳನಾಡಿನ ಜನರನ್ನು ಹಿಡಿದು ಸ್ಪೇನಿನ ಅಧೀನದಲ್ಲಿದ್ದ ಫೆರ್ನಾಂಡೊ ಪೊ ದ್ವೀಪದ ತೋಟಗಳಿಗೆ ಜೀತಕ್ಕೆ ಸಾಗಿಸುತ್ತಿದ್ದಾರೆ ಎಂದು ಹೊರಜಗತ್ತಿಗೆ ಸಾರಿದರು. ಅಂದಿನ ರಾಷ್ಟ್ರಸಂಘ (ಲೀಗ್ ಆಫ್ ನೇಷನ್ಸ್) ಒಂದು ತನಿಖಾ ಆಯೋಗ ಕಳಿಸಿತು. ಅದರ ವರದಿ ಬಂದ 1930ರಲ್ಲೇ ಕಿಂಗ್ ಮತ್ತು ಉಪಾಧ್ಯಕ್ಷ ಯಾನ್ಸಿ ಇಬ್ಬರೂ ರಾಜೀನಾಮೆ ಕೊಟ್ಟರು. ಮತಪಟ್ಟಿಯಲ್ಲಿ ಹೆಸರಿಲ್ಲದ ಜನರನ್ನು ಹಡಗಿನ ಪಟ್ಟಿಯಲ್ಲಿ ಬರೆದುಕೊಂಡಿದ್ದರು.

ಹಳೆಯ ಶಿರಸ್ತೇದಾರ:
ಮೇಷ್ಟ್ರೇ, ಎಲ್ಲ ಸರಿ, ಆ 613ನೆಯ ಸಹಿ ಏನಾಯಿತು ಹೇಳಲಿಲ್ಲ. ಯಾರಾದರೂ ಸಹಿ ಮಾಡಿ ಗುಂಡಿ ಒತ್ತದೆ ಹೋದರೇ?

ನಿವೃತ್ತ ಮೇಷ್ಟ್ರು:
ಅದೇ. ಸಂಜೆ ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳಿಗೆ ಶಾಯಿ ಹಾಕಿಸಿಕೊಂಡು, ಮತ ಹಾಕಿ ಆಯಿತೆಂದು ತಿಳಿದು ಹಿಂಬಾಗಿಲಿನಿಂದ ಮನೆಗೆ ಹೋಗಿದ್ದರು. ಕಂಟ್ರೋಲ್ ಯೂನಿಟ್ ಮುಂದೆ ಕುಳಿತವರು ಅವರ ಚೀಟಿ ಬಂದಿಲ್ಲವೆಂದು ಗಮನಿಸಿರಲಿಲ್ಲ. ಒಬ್ಬ ಏಜೆಂಟ್ ‘ಸರ್, ಒಂದು ಸಹಿ ಹೊಡೆದುಹಾಕಿ, ಯಾರು ನೋಡುತ್ತಾರೆ?’ ಎಂದ. ಇನ್ನೊಬ್ಬ ‘ಗುಂಡಿಯನ್ನೇ ಒಂದು ಸಲ ಒತ್ತಿಬಿಡಿ, ಲೆಕ್ಕ ಸರಿಹೋಗುತ್ತದೆ’ ಎಂದ. ಅಷ್ಟರಲ್ಲಿ ಯಂತ್ರ ಮುಚ್ಚಿ ಆಗಿತ್ತು. ಮುಚ್ಚಿರದಿದ್ದರೂ ಒತ್ತುತ್ತಿರಲಿಲ್ಲ ಎಂದು ಇಂದು ಹೇಳಿಕೊಳ್ಳುವುದು ಸುಲಭ. ಆ ಹೊತ್ತಿಗೆ ನನಗೆ ಹಸಿವು, ತಲೆನೋವು ಎರಡೂ ಇದ್ದವು. 613 ಎಂದೂ 612 ಎಂದೂ ಇದ್ದದ್ದನ್ನು ಇದ್ದ ಹಾಗೆ ಬರೆದು, ಷರಾ ಹಾಕಿ, ಎಲ್ಲರ ಸಹಿ ತೆಗೆದುಕೊಂಡು ಅರಗು ಒತ್ತಿದೆ. ಯಂತ್ರ ಮರಳಿಸುವ ಡಿಮಸ್ಟರಿಂಗ್ ಕೇಂದ್ರ ತಲುಪಿದಾಗ ಹನ್ನೊಂದೂವರೆ. ಊಟ ಮುಗಿದಿತ್ತು, ಎರಡು ಬಾಳೆಹಣ್ಣು ಕೊಟ್ಟರು.